ಬಚ್ಚಲಿನ ಬಿರುಕು: ಮುಂಗಡ ಕೊಡುವ ಮುನ್ನ

ಮನೆ ಕೊಳ್ಳಲು ಹೊರಟವರು ಕಾಗದಪತ್ರ ನೋಡುತ್ತಾರೆ, ವಾಸ್ತು ಕೇಳುತ್ತಾರೆ, ಪಡಸಾಲೆಯಲ್ಲಿ ನಿಂತು ಗಾಳಿ ಬೆಳಕು ಅಳೆಯುತ್ತಾರೆ. ಬಚ್ಚಲುಮನೆಯ ಬಾಗಿಲನ್ನು ಮಾತ್ರ ಅರ್ಧ ತೆರೆದು, ಇಣುಕಿ, ಮುಚ್ಚಿಬಿಡುತ್ತಾರೆ.

ಆರು ವರ್ಷದ ಹುಡುಗನೊಬ್ಬನ ಕೆಮ್ಮು, ಉಬ್ಬಸಕ್ಕೆ ಔಷಧಿ ಕೊಟ್ಟು ಸಾಕಾಗಿ, ಕೊನೆಗೆ ಅವನ ತಂದೆಯನ್ನು "ಮನೆ ಏನಾದರೂ ಬದಲಾಯಿಸಿದಿರಾ?" ಎಂದು ಕೇಳಿದೆ. ಬೆಂಗಳೂರಿನಲ್ಲಿ ಹಳೆಯ ಫ್ಲ್ಯಾಟೊಂದನ್ನು ಕೊಂಡಿದ್ದರು. ಮಗುವಿನ ಮಂಚ ಬಚ್ಚಲಿನ ಗೋಡೆಗೆ ಒತ್ತಿಕೊಂಡಿತ್ತು. ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿ ಕಪ್ಪು ಚುಕ್ಕೆಗಳು ಹರಡಿದ್ದವು. ಗೋಡೆಯ ಆಚೆ, ಷವರಿನ ಕೆಳಗೆ ಮೂರು ಟೈಲ್ಸ್ ಒಡೆದಿದ್ದವು. "ಕೊಳ್ಳುವಾಗಲೇ ಕಂಡಿತ್ತು ಡಾಕ್ಟ್ರೇ, ಸಣ್ಣ ಬಿರುಕು ಅಂತ ಸುಮ್ಮನಾದೆವು" ಎಂದರು.

ನೀರನ್ನು ತಡೆಯುವುದು ಟೈಲ್ಸ್ ಎಂದು ನಾವು ತಿಳಿದಿದ್ದೇವೆ. ನಿಜವಾಗಿ ತಡೆಯಬೇಕಾದದ್ದು ಅದರ ಅಡಿಯಲ್ಲಿರುವ ಜಲನಿರೋಧಕ ಪದರ. ಅನೇಕ ಅಪಾರ್ಟ್‌ಮೆಂಟುಗಳಲ್ಲಿ ಬಚ್ಚಲಿನ ನೆಲವನ್ನು ತಗ್ಗಿಸಿ, ಪೈಪು ಹಾಯಿಸಿ, ಇಟ್ಟಿಗೆ ಚೂರು ತುಂಬಿ ಮೇಲೆ ಟೈಲ್ಸ್ ಕೂರಿಸಿರುತ್ತಾರೆ. ಬಿರುಕಿನಿಂದ ಇಳಿದ ನೀರು ಆ ಗುಂಡಿಯಲ್ಲಿ ನಿಂತು, ಒಣಗದೆ, ಗೋಡೆಗೆ ಏರುತ್ತದೆ. ಒದ್ದೆ ಗೋಡೆಯಲ್ಲಿ ಬೂಷ್ಟು ಬೆಳೆದು ಅದರ ಕಣಗಳು ಗಾಳಿಗೆ ಸೇರುತ್ತವೆ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಉಸಿರಾಟದ ತೊಂದರೆ, ಆಸ್ತಮಾ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ.

ಹಾಗೆಂದು ಪ್ರತಿ ಬಿರುಕಿಗೂ ಹೆದರಬೇಕಿಲ್ಲ. ಒಂದೇ ಟೈಲ್ಸ್ ನಕ್ಷತ್ರದಂತೆ ಒಡೆದಿದ್ದರೆ ಬಹುಶಃ ಯಾವುದೋ ಹಿತ್ತಾಳೆ ಕೊಡ ಬಿದ್ದಿರುತ್ತದೆ. ಬಿರುಕು ಗೆರೆ ಎಳೆದಂತೆ ಒಂದರಿಂದ ಇನ್ನೊಂದಕ್ಕೆ ದಾಟಿ ಹೋಗಿದ್ದರೆ ಅಡಿಯ ನೆಲವೇ ಅಲುಗಿದೆಯೆಂದು ಸಂಶಯಪಡಿ. ಕುಳಿತು ಐದು ರೂಪಾಯಿ ನಾಣ್ಯದಿಂದ ತಟ್ಟಿ ನೋಡಿ. ಗಟ್ಟಿಯಾಗಿ ಕೂತ ಟೈಲ್ಸ್ ಟಣ್ ಎನ್ನುತ್ತದೆ, ಅಡಿ ಪೊಳ್ಳಾದದ್ದು ಡಬಡಬ ಎನ್ನುತ್ತದೆ. ಹಿಮ್ಮಡಿಯಿಂದ ಒತ್ತಿದಾಗ ಸಂದಿನಿಂದ ನೀರು ಜಿನುಗಿದರೆ ಮತ್ತೆ ಹೇಳಬೇಕಾದದ್ದಿಲ್ಲ. ಒಂದು ಮೂಲೆಯಲ್ಲಷ್ಟೇ ಹೊಸ ಬಿಳಿ ಸಿಮೆಂಟು ಮೆತ್ತಿದ್ದರೆ ಯಾಕೆಂದು ಕೇಳಿ. ಪಕ್ಕದ ಕೋಣೆಯಲ್ಲಿ ಬಚ್ಚಲ ಗೋಡೆಯ ಬುಡ ಮುಟ್ಟಿ ನೋಡಿ, ಮೂಸಿ ನೋಡಿ.

ತಿಂಗಳುಗಟ್ಟಲೆ ಖಾಲಿ ಬಿದ್ದ ಮನೆಯಲ್ಲಿ ಇದಾವುದೂ ಕಾಣದಿರಬಹುದು. ಆಗ ಮಾಲೀಕರ ಒಪ್ಪಿಗೆ ಪಡೆದು ನೀರು ಹೋಗುವ ತೂತನ್ನು ಬಟ್ಟೆಯಿಂದ ಬಿಗಿದು, ಒಂದು ಅಂಗುಲ ನೀರು ನಿಲ್ಲಿಸಿ, ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ 24 ಗಂಟೆ ಬಿಡಿ. ಮರುದಿನ ಕೆಳಗಿನ ಮನೆಯವರ ಕದ ತಟ್ಟಿ ಅವರ ಬಚ್ಚಲಿನ ಚಾವಣಿ ತೋರಿಸಿರೆಂದು ಕೇಳಿ. ದಲ್ಲಾಳಿ ಹೇಳದ್ದನ್ನು ಅವರು ಹೇಳುತ್ತಾರೆ, ಕಾಫಿ ಕೊಟ್ಟು ಹೇಳುತ್ತಾರೆ.

ಮನೆಯಲ್ಲಿ ಮಧುಮೇಹಿಗಳಿದ್ದರೆ ಇನ್ನೊಂದು ಮಾತು. ಪಾದದ ಸ್ಪರ್ಶ ಕುಂದಿದವರಿಗೆ ಟೈಲ್ಸ್ ಅಂಚು ಕೊಯ್ದದ್ದೇ ತಿಳಿಯುವುದಿಲ್ಲ. ಕೀವಾದ ಮೇಲೆ ನಮ್ಮಲ್ಲಿಗೆ ಬರುತ್ತಾರೆ. ಅಲುಗುವ ಟೈಲ್ಸ್ ಮೇಲೆ ವಯಸ್ಸಾದವರು ಎಡವಿದರೆ ಸೊಂಟದ ಮೂಳೆಗೇ ಪೆಟ್ಟು.

ದೋಷ ಅಡಿಯಲ್ಲಿದೆ ಎಂದಾದರೆ ಎರಡು ಟೈಲ್ಸ್ ಬದಲಿಸಿಕೊಡುತ್ತೇವೆಂಬ ಮಾತಿಗೆ ಒಪ್ಪಬೇಡಿ. ನೆಲ ಅಗೆದು ಹೊಸ ಪದರ ಹಾಕುವ ಖರ್ಚನ್ನು ಗಾರೆಯವರಿಂದ ಬರೆಸಿಕೊಂಡು ಬೆಲೆಯಲ್ಲಿ ಕಳೆಯಿರಿ. ಬಿಲ್ಡರ್‌ನಿಂದ ಕೊಂಡ ಹೊಸ ಮನೆಯಾದರೆ, 2016ರ ರೇರಾ ಕಾಯ್ದೆಯಂತೆ, ಸ್ವಾಧೀನದ ದಿನದಿಂದ 5 ವರ್ಷದೊಳಗೆ ತೋರಿಸಿದ ಕಾಮಗಾರಿ ದೋಷವನ್ನು ಅವರು 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸಬೇಕು.

ಈಗಾಗಲೇ ಕೊಂಡು ಕುಳಿತಿದ್ದರೆ, ಮೊದಲು ಮಂಚವನ್ನು ಆ ಗೋಡೆಯಿಂದ ಸರಿಸಿ, ಸಾಧ್ಯವಾದರೆ ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿ. ನೀರು ನಿಲ್ಲಿಸದೆ ಮೇಲೆ ಬಣ್ಣ ಬಳಿದರೆ ಬೂಷ್ಟು ಮತ್ತೆ ಬರುತ್ತದೆ.