ಮಾಳಿಗೆ ಮನೆ ಯಾರಿಗೆ ಸರಳ?

ಲಾಗ್ ಕ್ಯಾಬಿನ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಕಾಡು, ಒಲೆಯ ಬೆಂಕಿ, ನೆಮ್ಮದಿ. ಈ ಚಿತ್ರದ ಹಿಂದೆ ರಾಜಕೀಯವೂ ಇದೆ. 1840ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ವಿಲಿಯಂ ಹೆನ್ರಿ ಹ್ಯಾರಿಸನ್ ಅವರನ್ನು ದಿಮ್ಮಿ ಮನೆಯ ಸಾಮಾನ್ಯ ಮನುಷ್ಯ ಅಂತ ಪ್ರಚಾರ ಮಾಡಿ ಗೆಲ್ಲಿಸಿದರು. ಅವರು ಹುಟ್ಟಿದ್ದು ಮಾತ್ರ ವರ್ಜೀನಿಯಾದ ಜಮೀನ್ದಾರರ ಇಟ್ಟಿಗೆ ಬಂಗಲೆಯಲ್ಲಿ!

ದಿಮ್ಮಿ ಪೇರಿಸಿ ಗೋಡೆ ಕಟ್ಟಲು ನೇರವಾದ ಉದ್ದನೆಯ ಮರ ಬೇಕು. ಗೊಳಸಂಗಿ, ಬಸವನ ಬಾಗೇವಾಡಿ, ಸಿಂದಗಿ, ಇಂಡಿ ಕಡೆ ಅಂಥ ಕಾಡು ಎಲ್ಲಿದೆ? ಇಲ್ಲಿ ಸಿಗೋದು ಕಲ್ಲು, ಮಣ್ಣು, ಬೇವು, ಜಾಲಿ. ಹಾಗಾಗಿ ನಮ್ಮ ಹಳೇ ಓಣಿಗಳದ್ದು ಮಾಳಿಗೆ ಮನೆ.

ಇದರ ರಚನೆ ನೋಡೋಣ. ಕಂಬ, ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಒತ್ತೊತ್ತಾಗಿ ಜಂತಿ. ಜಂತಿಯ ಮೇಲೆ ಹಲಗೆ ಇಲ್ಲವೇ ಕಟ್ಟಿಗೆ ತುಂಡು, ತಪ್ಪಲು, ಕೊನೆಗೆ ದಪ್ಪಗೆ ಮಣ್ಣು. ಈ ಮಣ್ಣು ಬಿಸಿಲಿನ ಕಾವನ್ನು ಹಲವು ಗಂಟೆ ತಡೆದು ಹಿಡಿಯುತ್ತದೆ. ಅದಕ್ಕೇ ಮೇ ತಿಂಗಳ ಮಧ್ಯಾಹ್ನವೂ ಪಡಸಾಲೆ ತಂಪು.

ಈಗ ಡೆಡ್ ಲೋಡ್ ಲೆಕ್ಕ ಹಾಕೋಣ. ಮಣ್ಣು 30 ಸೆಂ.ಮೀ. ದಪ್ಪ, ಸಾಂದ್ರತೆ ಘನಮೀಟರಿಗೆ 1,700 ಕೆ.ಜಿ. ಅಂತ ಇಟ್ಟುಕೊಂಡರೆ, ಚದರ ಮೀಟರಿಗೆ 510 ಕೆ.ಜಿ. ಅದೇ 12.5 ಸೆಂ.ಮೀ. ಆರ್‌ಸಿಸಿ ಸ್ಲ್ಯಾಬ್ ಆದರೆ ಸುಮಾರು 312 ಕೆ.ಜಿ. ಅಂದರೆ 10 ಅಡಿ ಉದ್ದ, 10 ಅಡಿ ಅಗಲದ ಕೋಣೆಯಲ್ಲಿ ಮಲಗಿದವರ ತಲೆ ಮೇಲೆ 4.7 ಟನ್ ಮಣ್ಣು!

ಈ ಭಾರ ಬರೀ ಲೆಕ್ಕದ ಮಾತಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಮಹಾರಾಷ್ಟ್ರದ ಕಿಲ್ಲಾರಿ ಸುತ್ತ ಭೂಕಂಪವಾದಾಗ, ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆಗಳು ಬಿಚ್ಚಿಕೊಂಡು ಬಿದ್ದವು, ಮಾಳಿಗೆಗಳು ಕುಸಿದವು. ಮಲಗಿದ್ದ ಸಾವಿರಾರು ಜನ ಏಳಲೇ ಇಲ್ಲ.

ದುಡಿತದ ಭಾರ ಬೇರೆ. ಮಳೆಗಾಲಕ್ಕೆ ಮೊದಲು ಮಾಳಿಗೆ ಏರಿ ಹುಲ್ಲು ಕಿತ್ತು, ಬಿರುಕಿಗೆ ಮಣ್ಣು ಹಾಕಿ ಬಡಿಯಬೇಕು. ಒಂದು ವರ್ಷ ಬಿಟ್ಟರೆ ಸೋರ್ತದ, ಜಂತಿ ಕೊಳೀತದ. ಹೀಗಿರುವಾಗ ಹಳ್ಳಿಯವರು ಸ್ಲ್ಯಾಬ್ ಬೇಕು ಅಂದರೆ, ‘ಸಂಸ್ಕೃತಿ ಹಾಳಾಯ್ತು’ ಅಂತ ಹಾಸ್ಟೆಲಿನಲ್ಲಿ ಕೂತು ನಾವು ಮರುಗೋದು ನ್ಯಾಯವಲ್ಲ. ಹಾಗಂತ ಎಲ್ಲವನ್ನೂ ಕೆಡವೋದೂ ಉತ್ತರವಲ್ಲ. ಮಣ್ಣಿನ ದಪ್ಪ ತಗ್ಗಿಸಬಹುದು. ಗೋಡೆಯ ಎರಡೂ ಮೈ ಹಿಡಿದಿಡುವಂತೆ ಅಡ್ಡಗಲ್ಲು ಕೂರಿಸಬಹುದು. ಕಂಬಕ್ಕೂ ತೊಲೆಗೂ ಓರೆ ಪಟ್ಟಿ ಬಿಗಿದು ಜೋಡಣೆ ಗಟ್ಟಿ ಮಾಡಬಹುದು. ತಂಪು ಬಹುಮಟ್ಟಿಗೆ ಉಳಿಯುತ್ತದೆ, ಅಪಾಯ ತಗ್ಗುತ್ತದೆ.

ಹೊರಗಿನಿಂದ ನೋಡುವವರಿಗೆ ಸರಳ ಕಾಣೋದು ಒಳಗೆ ಬಾಳುವವರಿಗೆ ಭಾರ, ಕೂಲಿ, ರಿಪೇರಿ. ಆ ಭಾರ ಇಳಿಸೋದೇ ನಾವು ಕಲಿಯೋ ಇಂಜಿನಿಯರಿಂಗಿನ ಕೆಲಸ. ಈ ರಜೆಯಲ್ಲಿ ಊರಿಗೆ ಹೋದಾಗ ಒಂದು ಮಾಳಿಗೆ ಮನೆ ಅಳೆಯೋಣ: ಮಣ್ಣಿನ ದಪ್ಪ, ಜಂತಿಗಳ ಅಂತರ, ಗೋಡೆಯ ಬಿರುಕು. ಫೋಟೋ ಆಮೇಲೆ ತೆಗೆದರಾಯ್ತು, ಮೊದಲು ಟೇಪ್ ಹಿಡಿಯೋಣ.