ಲಕ್ಷದ ಲ್ಯಾಪ್‌ಟಾಪಿಗೆ ಕೈ ಹಾಕುವ ಮುನ್ನ

ಕಾಫಿ ದುಡ್ಡು ಕೈಗೆ ಬಂತೆಂದರೆ ಮನೆಯಲ್ಲಿ ಬೇಡಿಕೆಗಳ ಪಟ್ಟಿ ಶುರು. ಮಗನಿಗೆ ಮ್ಯಾಕ್‌ಬುಕ್ಕೇ ಆಗಬೇಕಂತೆ, ಹಾಸ್ಟೆಲ್ಲಿನ ಗೆಳೆಯನ ಹತ್ತಿರ ಅದೇ ಇದೆಯಂತೆ. ನೀವೂ ಹೂಂ ಅಂದುಬಿಟ್ಟಿದ್ದೀರಿ. ಸ್ವಲ್ಪ ತಡೆಯಿರಿ. ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡ ಹಾಗೆ ನಮ್ಮ ಬಾಳೂರಿನ ಮನೆಗಳಲ್ಲಿ ಆಗುವುದು ಬೇಡ. ಹಾಗೆಂದು ದುಬಾರಿಯದೆಲ್ಲ ಮೋಸ ಎಂದೂ ನಾನು ಹೇಳುವುದಿಲ್ಲ.

ಮೊದಲು ಬೆಲೆಯನ್ನು ವರ್ಷಕ್ಕೆ ಹಂಚಿ ನೋಡಿ. 2025ರ ಮಾರ್ಚಿನಲ್ಲಿ ಎಂ4 ಚಿಪ್ಪಿನ ಮ್ಯಾಕ್‌ಬುಕ್ ಏರ್ ಬಂದಾಗ ನಮ್ಮಲ್ಲಿ ಅದರ ಆರಂಭಿಕ ಬೆಲೆ 99,900 ರೂಪಾಯಿ. ಏಳು ವರ್ಷ ಬಳಸಿದರೆ ವರ್ಷಕ್ಕೆ ಸುಮಾರು 14,300 ಬಿತ್ತು. 45,000ದ ವಿಂಡೋಸ್ ಲ್ಯಾಪ್‌ಟಾಪ್ ನಾಲ್ಕೇ ವರ್ಷಕ್ಕೆ ಸುಸ್ತಾಯಿತು ಅನ್ನಿ, ವರ್ಷಕ್ಕೆ 11,250. ವ್ಯತ್ಯಾಸ ಮೂರು ಸಾವಿರ ಚಿಲ್ಲರೆ. ಅಷ್ಟಕ್ಕೆ ಫ್ಯಾನಿನ ಸದ್ದಿಲ್ಲದ ಯಂತ್ರ, ಬಹಳ ಹೊತ್ತು ನಿಲ್ಲುವ ಬ್ಯಾಟರಿ, ಮಾರುವಾಗ ಒಳ್ಳೆಯ ಬೆಲೆ ಸಿಗುತ್ತದೆ. ಆಷಾಢದ ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲದ ಊರು ನಮ್ಮದು. ಇಲ್ಲಿ ಬ್ಯಾಟರಿ ಸಣ್ಣ ವಿಷಯವಲ್ಲ. ಆದರೆ ಈ ಲೆಕ್ಕ ನಿಲ್ಲುವುದು ಏಳು ವರ್ಷ ಇಟ್ಟುಕೊಂಡರೆ ಮಾತ್ರ. ಮೂರನೇ ವರ್ಷಕ್ಕೇ ಹೊಸದು ಬೇಕೆನ್ನುವ ಮಗನಾದರೆ ವರ್ಷಕ್ಕೆ 33,300 ಆಯಿತು.

ಅದಕ್ಕಿಂತ ಮುಖ್ಯ, ಅದರಲ್ಲಿ ಮಾಡುವ ಕೆಲಸ ಏನು? ತೋಟದ ರಸ್ತೆಗೆ ಜೀಪು ತರುತ್ತೀರೇ ಹೊರತು ಷೋರೂಮಿನಲ್ಲಿ ಹೊಳೆಯುವ ಕಾರು ತರುವುದಿಲ್ಲ, ಅಲ್ಲವೇ? ತೋಟದ ಲೆಕ್ಕ ಟ್ಯಾಲಿಯಲ್ಲಿ ಬರೆಯುವವರಾದರೆ ಅದು ವಿಂಡೋಸಿನ ಕೆಲಸ. ಮೆಕ್ಯಾನಿಕಲ್ ಓದುವವರ ಸಾಲಿಡ್‌ವರ್ಕ್ಸ್, ಸಿವಿಲ್‌ನವರ ರೆವಿಟ್ ಕೂಡ ವಿಂಡೋಸಿನವೇ. ಈಗಿನ ಮ್ಯಾಕ್‌ಗಳಲ್ಲಿ ಹಿಂದಿನ ಇಂಟೆಲ್ ಮ್ಯಾಕ್‌ಗಳಂತೆ ಬೂಟ್ ಕ್ಯಾಂಪಿನಿಂದ ವಿಂಡೋಸ್ ಹಾಕಿಕೊಳ್ಳುವ ದಾರಿಯೂ ಇಲ್ಲ. ಕನ್ನಡ ಟೈಪಿಂಗನ್ನಂತೂ ಯಾರೂ ಕೇಳಿಯೇ ನೋಡುವುದಿಲ್ಲ! ಮ್ಯಾಕ್‌ನಲ್ಲೂ ಕನ್ನಡ ಕೀಲಿಮಣೆ ಇದೆ, ನಿಜ. ಆದರೆ ಹಳೆಯ ನುಡಿ ಅಕ್ಷರದಲ್ಲಿ ಬರೆದಿಟ್ಟ ಕಡತ ತೆರೆಯಬೇಕಾದಾಗ ಪರದಾಟ. ಕನ್ನಡ ತಂತ್ರಾಂಶಕ್ಕಾಗಿ ಅಷ್ಟು ತಲೆ ಕೆಡಿಸಿಕೊಂಡ ತೇಜಸ್ವಿಯವರ ಮೂಡಿಗೆರೆ ತಾಲ್ಲೂಕಿನವರು ನಾವು, ಇಷ್ಟಾದರೂ ವಿಚಾರಿಸಬೇಡವೇ? ಐಫೋನಿಗೆ ಆ್ಯಪ್ ಬರೆಯುವುದಿದ್ದರೆ, ವಿಡಿಯೊ ಸಂಕಲನವೇ ಹೊಟ್ಟೆಪಾಡಾಗಿದ್ದರೆ ಧಾರಾಳವಾಗಿ ಮ್ಯಾಕ್ ತೆಗೆದುಕೊಳ್ಳಿ. ಸುಮ್ಮನೆ ಸಿನಿಮಾ ನೋಡಲಿಕ್ಕೆ ಬೇಡ.

ಇನ್ನು ರಿಪೇರಿ. ಎಲ್ಲರ ಮನೆ ದೋಸೆಯೂ ತೂತೇ. ಯಾವ ಕಂಪನಿಯದಾದರೂ ಒಂದು ದಿನ ಕೆಡುತ್ತದೆ. ಕೆಟ್ಟ ದಿನ ಎಲ್ಲಿಗೆ ಒಯ್ಯುತ್ತೀರಿ? ಚಿಕ್ಕಮಗಳೂರಿಗೋ, ಹಾಸನಕ್ಕೋ, ಘಟ್ಟ ಇಳಿದು ಮಂಗಳೂರಿಗೋ? 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕುಸಿದು ರಸ್ತೆಯೇ ಬಂದಾದದ್ದು ಮರೆಯುವಂಥದ್ದಲ್ಲ. ಮನೆಗೇ ಬಂದು ಸರಿಮಾಡುವ ವಾರಂಟಿ ಇದೆ ಎನ್ನುತ್ತಾರೆ. ನಮ್ಮ ಪಿನ್‌ಕೋಡ್ ಹೇಳಿ, ಬರುತ್ತೀರಾ ಎಂದು ದುಡ್ಡು ಕೊಡುವ ಮೊದಲೇ ಕೇಳಿ. ನನ್ನನ್ನು ಕೇಳಿದರೆ ನಮ್ಮ ಕಡೆಯವರು ಹೆಚ್ಚಿನ ಹಣ ಹಾಕಬೇಕಾದದ್ದು ಈ ವಾರಂಟಿಗೆ ಮತ್ತು ಮೆಮೊರಿಗೆ, ಮುಚ್ಚಳದ ಮೇಲಿನ ಗುರುತಿಗಲ್ಲ. ಮ್ಯಾಕ್‌ಬುಕ್‌ಗಳಲ್ಲಿ, ಈಗಿನ ತೆಳ್ಳನೆಯ ವಿಂಡೋಸ್ ಯಂತ್ರಗಳಲ್ಲೂ ಹಲವದರಲ್ಲಿ, ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಆಮೇಲೆ ಸೇರಿಸುತ್ತೇನೆಂದರೆ ಆಗದು. 16 ಜಿಬಿ ಇರುವುದನ್ನೇ ಕೊಳ್ಳಿ, ಸಂಗ್ರಹಕ್ಕೆ ಎಸ್‌ಎಸ್‌ಡಿ ಇರಲಿ.

ಬೆಂಗಳೂರಿನ ಎಸ್‌ಪಿ ರಸ್ತೆಯ ಸೆಕೆಂಡ್‌ಹ್ಯಾಂಡ್ ಯಂತ್ರಗಳೂ ಕೆಟ್ಟವಲ್ಲ. ಆದರೆ ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್ ಎಂಟನೇ ತಲೆಮಾರಿಗಿಂತ ಹಳೆಯದಾದರೆ ವಿಂಡೋಸ್ 11 ಸರಿಯಾಗಿ ಕೂರುವುದು ಕಷ್ಟ. ಅಗ್ಗ ಎಂದು ಚೀಲಕ್ಕೆ ತುಂಬಿಕೊಂಡು ಬರಬೇಡಿ.

ಕಂತಿನ ಆಸೆಗೂ ಬೀಳಬೇಡಿ. ತಿಂಗಳ ಸಂಬಳದವರಿಗೆ ಅದು ಒಗ್ಗುತ್ತದೆ. ನಮಗೆ ದುಡ್ಡು ಬರುವುದು ಕೊಯ್ಲು ಮುಗಿದ ಮೇಲೆ, ವರ್ಷಕ್ಕೊಮ್ಮೆ. ಬಡ್ಡಿಯಿಲ್ಲ ಎನ್ನುವ ಕಂತಿನಲ್ಲೂ ಪ್ರೊಸೆಸಿಂಗ್ ಶುಲ್ಕ, ಅದರ ಮೇಲೆ ಜಿಎಸ್‌ಟಿ ಎಂದು ಸೇರುತ್ತವೆ. ನಗದಿಗೆ ಸಿಗುವ ರಿಯಾಯಿತಿ ಕೈಬಿಟ್ಟುಹೋಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಿ. ಕಾಲೇಜಿನ ಐಡಿ ಕಾರ್ಡ್ ಇದ್ದರೆ ವಿದ್ಯಾರ್ಥಿ ರಿಯಾಯಿತಿ ಕೇಳಲು ಮಾತ್ರ ನಾಚಿಕೆ ಬೇಡ.

ಎಷ್ಟೇ ಬೆಲೆಯದು ತಂದರೂ ನಮ್ಮ ಮಳೆಗೆ ಅದೆಲ್ಲ ಗೊತ್ತಾಗುವುದಿಲ್ಲ. ಜೂನಿನಿಂದ ಗೋಡೆಯೇ ಬೆವರುವ ಮನೆಯಲ್ಲಿ ಲ್ಯಾಪ್‌ಟಾಪನ್ನು ತಿಂಗಳುಗಟ್ಟಲೆ ಬೀರುವಿನಲ್ಲಿ ಮುಚ್ಚಿಡುತ್ತೀರಲ್ಲ, ಬೂಷ್ಟು ಹಿಡಿಯದೆ ಇನ್ನೇನು? ದಿನಕ್ಕೊಂದು ಗಂಟೆಯಾದರೂ ಚಾಲೂ ಇಡಿ. ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಒದ್ದೆಯಾಯಿತೆಂದು ಬಚ್ಚಲ ಒಲೆಯ ಹತ್ತಿರ ಒಣಗಿಸಲು ಇಡಬೇಡಿ, ಒದ್ದೆ ಬಟ್ಟೆಯಲ್ಲ ಅದು. ಹೂಮಳೆಯ ಗುಡುಗು ಕೇಳಿಸಿದೊಡನೆ ಚಾರ್ಜರನ್ನೂ ಇಂಟರ್‌ನೆಟ್ ವೈರನ್ನೂ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವಂತಾಗಬಾರದು. ತೋಟದ ಲೆಕ್ಕ, ಮಕ್ಕಳ ಪ್ರಾಜೆಕ್ಟು, ಮದುವೆಯ ಫೋಟೊ ಎಲ್ಲಕ್ಕೂ ಹೊರಗಿನ ಡಿಸ್ಕಿನಲ್ಲಿ ಒಂದು ಪ್ರತಿ ಇರಲಿ. ಹೊಸ ಯಂತ್ರ ಕೊಳ್ಳುವ ಮಾತು ಆಮೇಲೆ, ಆ ಪ್ರತಿಯನ್ನು ಈ ವಾರವೇ ತೆಗೆದಿಡಿ.