ಮೊರೇರ ಬೆಟ್ಟದ ಕಲ್ಲುಮನೆಗಳು



ಎತ್ತರದ ಊರು ನೋಡಬೇಕೆಂದರೆ ಜನರಿಗೆ ಬಲು ಆಸೆ. ದೂರದ ಹಿಮಾಲಯದಲ್ಲಿ ಸ್ಪಿತಿ ಎಂಬ ಕಣಿವೆ ಇದೆ. ಅಲ್ಲಿ ಕಿಬ್ಬರ್ ಎಂಬ ಹಳ್ಳಿ ಇದೆ. ಅದು ಸಮುದ್ರ ಮಟ್ಟದಿಂದ 4,000 ಮೀಟರಿಗಿಂತ ಹೆಚ್ಚು ಎತ್ತರದಲ್ಲಿದೆ. ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತದೆ. ಆದರೂ ಜನ ಆ ಹಳ್ಳಿ ನೋಡಲು ಹೋಗುತ್ತಾರೆ. ಹಳ್ಳಿಯವರ ಮನೆಯಲ್ಲೇ ಇಳಿದುಕೊಳ್ಳುತ್ತಾರೆ. ಅದರಿಂದ ಹಳ್ಳಿಗೆ ನಾಲ್ಕು ಕಾಸು ಬರುತ್ತದೆ.

ನಮ್ಮಲ್ಲಿ ಹಿಮ ಇಲ್ಲ. ಅಷ್ಟು ಎತ್ತರವೂ ಇಲ್ಲ. ಆದರೆ ನಮ್ಮ ಗುಡ್ಡದ ಮೇಲೂ ಒಂದು ಊರು ಇದೆ. ಆ ಊರಿನಲ್ಲಿ ನೂರಾರು ಮನೆಗಳಿವೆ. ಒಂದು ಮನೆಯಲ್ಲೂ ಒಲೆ ಹೊತ್ತುವುದಿಲ್ಲ. ಒಂದು ಮನೆಗೂ ಬೀಗ ಇಲ್ಲ. ಎಲ್ಲವೂ ಕಲ್ಲಿನ ಮನೆಗಳು.

ಯಾವುದು ಆ ಊರು? ಬನ್ನಿ, ನೋಡೋಣ.

ಗುಡ್ಡ ಹತ್ತಿದೆವು

ಗಂಗಾವತಿಯಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿ ಹಿರೇಬೆಣಕಲ್ ಗ್ರಾಮವಿದೆ. ಗ್ರಾಮದ ಹತ್ತಿರ ಸಾಲು ಗುಡ್ಡಗಳಿವೆ. ಅಲ್ಲಿಯ ಒಂದು ಗುಡ್ಡಕ್ಕೆ ಮೊರೇರ ಬೆಟ್ಟ ಎನ್ನುತ್ತಾರೆ.

ನಮ್ಮ ಕಲಿಕಾ ಕೇಂದ್ರದವರು ಒಂದು ದಿನ ಅಲ್ಲಿಗೆ ಹೊರಟೆವು. ಅಕ್ಕಂದಿರು ಇದ್ದರು. ಅಣ್ಣಂದಿರು ಇದ್ದರು. ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಇತ್ತು. ಕುಡಿಯುವ ನೀರೂ ಇತ್ತು. ಕುರಿ ಕಾಯುವ ಅಜ್ಜ ಒಬ್ಬರು ದಾರಿ ತೋರಿಸಲು ಬಂದರು.

ಮೇಲೆ ಹೋಗಲು ಕಾಲುದಾರಿಯೇ ಗತಿ. ಎಲ್ಲಿ ನೋಡಿದರೂ ಬಂಡೆ, ಮುಳ್ಳುಕಂಟಿ. ಬೆಳಿಗ್ಗೆ ಬೇಗ ಹೊರಟಿದ್ದರಿಂದ ಬಿಸಿಲು ಕಾಡಲಿಲ್ಲ. ಒಂದು ತಾಸಿಗಿಂತ ಹೆಚ್ಚು ನಡೆದೆವು. ಒಬ್ಬ ಅಕ್ಕ ಕುಳಿತುಬಿಟ್ಟರು.

"ಇನ್ನೂ ಎಷ್ಟು ಹತ್ತಬೇಕ್ರಿ ಸರ?" ಎಂದರು.

"ಇಲ್ಲೇ ಐತಿ, ಏಳವ್ವ" ಎಂದರು ಅಜ್ಜ.

ಕೊನೆಯ ಏರು ಹತ್ತಿದೆವು. ಎಲ್ಲರೂ ಬೆರಗಾಗಿ ನಿಂತೆವು. ಬೆಟ್ಟದ ತುಂಬ ಕಲ್ಲಿನ ಮನೆಗಳು. ಕೆಲವು ನಮ್ಮ ಮೊಣಕಾಲಿನಷ್ಟು ಎತ್ತರ. ಕೆಲವು ನಮಗಿಂತ ಎತ್ತರ.

ಇವು ಯಾರ ಮನೆಗಳು?

"ಹಿಂದಕ ಇಲ್ಲಿ ಮೊರೇರು ಅಂತ ಗಿಡ್ಡ ಮಂದಿ ಇದ್ರಂತ. ಅವ್ರು ಕಟ್ಟಿದ ಮನಿ ಇವು" ಎಂದರು ಅಜ್ಜ. ಹಿರಿಯರಿಂದ ಕೇಳಿ ಬಂದ ಕತೆ ಇದು. ಮನೆಯ ಗಾತ್ರ ಸಣ್ಣದು. ಹೀಗಾಗಿ ಈ ಕತೆ ಹುಟ್ಟಿರಬೇಕು.

ತಿಳಿದವರು ಹೇಳುವುದು ಬೇರೆ. ಇವು ಬದುಕಿದ್ದವರ ಮನೆಗಳಲ್ಲ. ಸತ್ತ ಹಿರಿಯರ ನೆನಪಿಗೆ ಕಟ್ಟಿದ ಗುಡಿಸಲುಗಳು. ಇವು 2,000 ವರ್ಷಕ್ಕಿಂತ ಹಳೆಯವು. ನಮ್ಮ ಜನ ಕಬ್ಬಿಣದ ಬಳಕೆ ಕಲಿತ ಕಾಲದವು. ಬೆಟ್ಟದ ಮೇಲೆ ಸುಮಾರು 400 ಇಂಥ ರಚನೆಗಳಿವೆ. ಇಂಥವನ್ನು ಬೃಹತ್ ಶಿಲಾ ಸಮಾಧಿಗಳು ಎನ್ನುತ್ತಾರೆ. ಬೃಹತ್ ಎಂದರೆ ಬಹಳ ದೊಡ್ಡದು. ಶಿಲೆ ಎಂದರೆ ಕಲ್ಲು.

ಕಟ್ಟಿದ ರೀತಿ ನೋಡಿರಿ. ಮೂರು ಕಡೆ ಮೂರು ಚಪ್ಪಡಿ ನಿಲ್ಲಿಸಿದ್ದಾರೆ. ಮೇಲೆ ಒಂದು ಚಪ್ಪಡಿ ಹೊದಿಸಿದ್ದಾರೆ. ಗಾರೆ ಇಲ್ಲ, ಸಿಮೆಂಟು ಇಲ್ಲ. ಭಾರದ ಮೇಲೆ ಭಾರ ನಿಂತಿದೆ. ಕೆಲವು ಚಪ್ಪಡಿಗಳಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ.

ಕಲ್ಲು ಎಲ್ಲಿಂದ ಬಂತು? ಅದೇ ಬೆಟ್ಟದ ಬಂಡೆಯನ್ನು ಪದರ ಪದರವಾಗಿ ಎಬ್ಬಿಸಿದ್ದಾರೆ. ಕಲ್ಲು ಎಬ್ಬಿಸಿದ ತಗ್ಗಿನಲ್ಲಿ ಮಳೆನೀರು ನಿಂತಿದೆ. ಅದೇ ಈಗ ಬೆಟ್ಟದ ಮೇಲಿನ ಹೊಂಡ. ಇಷ್ಟು ಭಾರದ ಚಪ್ಪಡಿ ಎತ್ತಲು ಒಬ್ಬರಿಂದ ಆಗದು. ಊರೆಲ್ಲ ಕೂಡಿ ಮಾಡಿದ ಕೆಲಸ ಇದು.

ಇನ್ನೂ ಏನೇನಿದೆ?

ಅಲ್ಲಿ ಒಂದು ಎತ್ತರದ ಬಂಡೆ ಇದೆ. ಅದರ ಮೇಲೆ ನಗಾರಿಯಂಥ ದೊಡ್ಡ ಕಲ್ಲು ಇದೆ. ಬಡಿದರೆ ನಗಾರಿಯಂತೆ ಸದ್ದು ಬರುತ್ತದೆ. ಆ ಸದ್ದು ಬಹು ದೂರ ಕೇಳಿಸುತ್ತದೆ. ನಾವು ಕೆಳಗೆ ನಿಂತೇ ಅದನ್ನು ನೋಡಿದೆವು.

ಬಂಡೆಗಳ ಆಸರೆಯಲ್ಲಿ ಚಿತ್ರಗಳಿವೆ. ಕೆಂಪು ಬಣ್ಣದಿಂದ ಬರೆದ ಚಿತ್ರಗಳು. ಕುಣಿಯುವ ಜನ ಇದ್ದಾರೆ. ಬೇಟೆಯಾಡುವ ಜನ ಇದ್ದಾರೆ. ಪ್ರಾಣಿಗಳು ಇವೆ. ಬರೆದವರಿಗೆ ಅಕ್ಷರ ಗೊತ್ತಿರಲಿಲ್ಲ. ಆದರೂ ತಮ್ಮ ಬದುಕನ್ನು ನಮಗೆ ಹೇಳಿ ಹೋಗಿದ್ದಾರೆ.

ಈ ಬೆಟ್ಟ ಈಗ ಲೋಕಕ್ಕೆ ಗೊತ್ತಾಗಿದೆ. 19ನೇ ಶತಮಾನದಲ್ಲಿ ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿ ಇದರ ಬಗ್ಗೆ ಬರೆದ. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಹಿರೇಬೆಣಕಲ್ ಸೇರಿತು. ತಾತ್ಕಾಲಿಕ ಎಂದರೆ ಸದ್ಯಕ್ಕೆ ಎಂದು ಅರ್ಥ. ಮುಂದೆ ಪೂರ್ಣ ಮನ್ನಣೆ ಸಿಗಬೇಕಾದರೆ ಈ ಕಲ್ಲುಗಳು ಕೆಡದೆ ಉಳಿಯಬೇಕು.

ಒಂದು ತಪ್ಪು ನಡೆಯಿತು

ನಮ್ಮ ಜೊತೆ ಒಬ್ಬ ಅಣ್ಣ ಬಂದಿದ್ದರು. ವಯಸ್ಸು ನಲವತ್ತರ ಮೇಲೆ. ಅಲ್ಲಿಯವರೆಗೆ ಹೆಬ್ಬೆಟ್ಟು ಒತ್ತುತ್ತಿದ್ದರು. ಆ ವರ್ಷವೇ ಹೆಸರು ಬರೆಯಲು ಕಲಿತಿದ್ದರು. ಎಲ್ಲಿ ಹೋದರೂ ಹೆಸರು ಬರೆಯುವ ಹುರುಪು. ಕಿಸೆಯಲ್ಲಿ ಯಾವಾಗಲೂ ಒಂದು ತುಂಡು ಸೀಮೆಸುಣ್ಣ.

ಅವರು ಒಂದು ಕಲ್ಲುಮನೆಯ ಮುಂದೆ ನಿಂತರು. ಚಪ್ಪಡಿಯ ಮೇಲೆ ಒಂದು ಅಕ್ಷರ ಬರೆದೇಬಿಟ್ಟರು.

"ನೋಡ್ರಿ ಸರ, ಎಷ್ಟು ದುಂಡಗ ಬಂದೈತಿ!"

ನಾವು ಬಾಯಿ ತೆರೆಯುವ ಮೊದಲೇ ಅಜ್ಜ ಹೇಳಿದರು.

"ತಮ್ಮಾ, ನಿಮ್ಮ ಹಿರ್ಯಾರನ್ನ ಮಣ್ಣ ಮಾಡಿದ ಜಾಗಾಕ್ಕ ಯಾರರ ಬಂದು ತಮ್ಮ ಹೆಸರ ಬರದ್ರ ಸುಮ್ಮನ ಇರ್ತಿ ಏನು?"

ಅಣ್ಣನ ಕೈ ನಿಂತಿತು. ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತಿನ ಮೇಲೆ ಅವರು ಕೇಳಿದರು.

"ಹಂಗಾದ್ರ ಅಶೋಕ ರಾಜ ಕಲ್ಲಿನ ಮ್ಯಾಲೆ ಬರೆಸ್ಯಾನಂತ ನೀವ ಹೇಳಿದ್ರೆಲ್ಲ ಸರ?"

ಒಳ್ಳೆಯ ಪ್ರಶ್ನೆ. ಕೊಪ್ಪಳದಲ್ಲಿ ಗವಿಮಠದ ಬಳಿ ಅಶೋಕನ ಶಾಸನವಿದೆ. ಪಾಲ್ಕಿಗುಂಡಿನಲ್ಲೂ ಇದೆ. ಅವು 2,200 ವರ್ಷಕ್ಕಿಂತ ಹಳೆಯವು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಅಶೋಕ ಜನರಿಗೆ ಒಂದು ಮಾತು ಹೇಳಬೇಕಿತ್ತು. ಅದಕ್ಕೆ ಖಾಲಿ ಬಂಡೆಯ ಮೇಲೆ ಬರೆಸಿದ. ಇನ್ನೊಬ್ಬರ ಸಮಾಧಿಯ ಮೇಲೆ ಬರೆಸಲಿಲ್ಲ. ನಾವು ಹೀಗೆ ಹೇಳಿದೆವು. ಅಣ್ಣ ತಲೆಯಾಡಿಸಿದರು.

ಬಟ್ಟೆ ಒದ್ದೆ ಮಾಡಿ ಮೆಲ್ಲಗೆ ಒರೆಸಿದೆವು. ಸೀಮೆಸುಣ್ಣ ಹೋಯಿತು. ಬಣ್ಣದಲ್ಲಿ ಬರೆದಿದ್ದರೆ ಹೋಗುತ್ತಿರಲಿಲ್ಲ. ಉಳಿಯಿಂದ ಕೊರೆದಿದ್ದರೆ ಎಂದೂ ಹೋಗುತ್ತಿರಲಿಲ್ಲ.

ತಪ್ಪು ಅಣ್ಣನದಷ್ಟೇ ಅಲ್ಲ. ನಮ್ಮದೂ ಇತ್ತು. ಹೆಸರು ಬರೆಯುವುದನ್ನು ನಾವು ಕಲಿಸಿದ್ದೆವು. ಎಲ್ಲಿ ಬರೆಯಬಾರದು ಎಂಬುದನ್ನು ಕಲಿಸಿರಲಿಲ್ಲ. ಅದಕ್ಕೇ ಈ ಪಾಠ ಬರೆದಿದ್ದೇವೆ.

ನಿಧಿ ಎಲ್ಲಿದೆ?

ಮುಂದೆ ಹೋದಾಗ ಕೆಲವು ಕಲ್ಲುಮನೆಗಳು ಉರುಳಿ ಬಿದ್ದಿದ್ದವು. "ನಿಧಿ ಐತಿ ಅಂತ ಅಗದಾರ" ಎಂದು ಅಜ್ಜ ನಿಟ್ಟುಸಿರು ಬಿಟ್ಟರು.

ಇಂಥ ಸಮಾಧಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಏನು? ಮಣ್ಣಿನ ಮಡಕೆ, ಮೂಳೆ, ಮಣಿ, ಕಬ್ಬಿಣದ ಹತಾರ. ಬಂಗಾರದ ಕೊಪ್ಪರಿಗೆ ಇದೆ ಎಂಬುದು ಬರೀ ಮಾತು. ಆ ಮಾತು ನಂಬಿ ಕಲ್ಲು ಕೆಡವಿದರೆ ಇದ್ದದ್ದೂ ಹೋಗುತ್ತದೆ. ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡುವುದು ಕಾನೂನಿನಲ್ಲಿ ಅಪರಾಧ. 2 ವರ್ಷದವರೆಗೆ ಜೈಲು ಆಗಬಹುದು. 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಎರಡೂ ಆಗಬಹುದು.

ಹಾಗಾದರೆ ನಿಜವಾದ ನಿಧಿ ಯಾವುದು? ನಿಂತಿರುವ ಕಲ್ಲುಮನೆಗಳೇ ನಿಧಿ. ಅವು ಇದ್ದರೆ ನೋಡುವವರು ಬರುತ್ತಾರೆ. ಬಂದವರಿಗೆ ದಾರಿ ತೋರಿಸುವವರು ಬೇಕು. ಊಟ ಬೇಕು, ನೀರು ಬೇಕು. ಆನೆಗುಂದಿಯನ್ನೇ ನೋಡಿರಿ. ಅದೂ ಗಂಗಾವತಿ ತಾಲೂಕಿನದೇ. ಅಲ್ಲಿ ಹೆಣ್ಣುಮಕ್ಕಳು ಬಾಳೆನಾರಿನಿಂದ ಚೀಲ, ಬುಟ್ಟಿ ಹೆಣೆಯುತ್ತಾರೆ. ಕಿನ್ನಾಳದ ಮರದ ಗೊಂಬೆಗಳೂ ಹೆಸರುವಾಸಿ. ನೋಡಲು ಬಂದವರು ಇಂಥವನ್ನು ಕೊಳ್ಳುತ್ತಾರೆ. ಒಂದು ಕಲ್ಲು ಬಿದ್ದರೆ ಮೊಮ್ಮಕ್ಕಳ ಕಾಲದ ಒಂದು ಅನ್ನದ ದಾರಿ ಮುಚ್ಚಿದಂತೆ.

ಸಂಜೆಯ ಒಳಗೆ ಕೆಳಗಿಳಿದೆವು. ಮರುದಿನ ಆ ಅಣ್ಣ ಎಲ್ಲರಿಗಿಂತ ಮೊದಲು ಕೇಂದ್ರಕ್ಕೆ ಬಂದರು. ನೋಟ್‌ಬುಕ್ಕಿನಲ್ಲಿ ಐದು ಸಾಲು ಬರೆದುಕೊಂಡು ಬಂದಿದ್ದರು. ಬೆಟ್ಟದ ಬಗ್ಗೆ ಬರೆದಿದ್ದರು. ಕೊನೆಗೆ ತಮ್ಮ ಹೆಸರು ಬರೆದಿದ್ದರು.

"ಈಗ ಸರಿ ಜಾಗಾದಾಗ ಬರದೀನ್ರಿ ಸರ" ಎಂದರು.

ಬೆಟ್ಟಕ್ಕೆ ಹೋಗುವಾಗ ನೆನಪಿಡಿರಿ

1. ಬೆಳಿಗ್ಗೆ ಬೇಗ ಹೊರಡಿರಿ. ಕತ್ತಲಾಗುವ ಮೊದಲು ಇಳಿಯಿರಿ. ಈ ಭಾಗದ ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ.
2. ಒಬ್ಬರೇ ಹೋಗಬೇಡಿರಿ. ದಾರಿ ಬಲ್ಲವರನ್ನು ಕರೆದೊಯ್ಯಿರಿ.
3. ಕುಡಿಯುವ ನೀರು ಒಯ್ಯಿರಿ. ಖಾಲಿ ಬಾಟಲಿ ಮರಳಿ ತನ್ನಿರಿ.
4. ಕಲ್ಲುಮನೆಗಳ ಮೇಲೆ ಹತ್ತಬೇಡಿರಿ. ಒಳಗೆ ಒಲೆ ಹೂಡಬೇಡಿರಿ.
5. ಚಿತ್ರಗಳನ್ನು ಮುಟ್ಟಬೇಡಿರಿ. ಚಿತ್ರ ಚೆನ್ನಾಗಿ ಕಾಣಲೆಂದು ನೀರು ಎರಚಬೇಡಿರಿ.
6. ಯಾರಾದರೂ ಅಗೆಯುವುದು ಕಂಡರೆ ಪೊಲೀಸರಿಗೆ ತಿಳಿಸಿರಿ.

ಹೊಸ ಪದಗಳು

ಚಪ್ಪಡಿ – ಅಗಲವಾದ ತೆಳು ಕಲ್ಲು
ಶಾಸನ – ಕಲ್ಲು ಅಥವಾ ಲೋಹದ ಮೇಲೆ ಕೊರೆದ ಬರಹ
ಸ್ಮಾರಕ – ನೆನಪಿಗಾಗಿ ಇರುವ ಕಟ್ಟಡ ಅಥವಾ ಕಲ್ಲು
ಪರಂಪರೆ – ಹಿರಿಯರಿಂದ ನಮಗೆ ಬಂದದ್ದು

ಉತ್ತರ ಹೇಳಿರಿ

1. ಮೊರೇರ ಬೆಟ್ಟ ಯಾವ ಗ್ರಾಮದ ಹತ್ತಿರ ಇದೆ?
2. ಕಲ್ಲುಮನೆಗಳನ್ನು ಯಾತಕ್ಕಾಗಿ ಕಟ್ಟಿದರು?
3. ಬೆಟ್ಟದ ಮೇಲಿನ ಹೊಂಡ ಹೇಗೆ ಆಯಿತು?
4. ಅಣ್ಣನಿಗೆ ಅಜ್ಜ ಏನು ಹೇಳಿದರು? ಅದು ಸರಿಯೇ?

ಲೆಕ್ಕ ಮಾಡಿರಿ

ನಿಮ್ಮೂರಿಗೆ 12 ಜನ ನೋಡಲು ಬಂದರು ಎನ್ನಿ. ಒಂದು ಊಟಕ್ಕೆ 80 ರೂಪಾಯಿ. ಒಟ್ಟು ಎಷ್ಟಾಯಿತು? ಅಡಿಗೆಯ ಖರ್ಚು 600 ರೂಪಾಯಿ ಆದರೆ ಉಳಿದದ್ದು ಎಷ್ಟು?

ಕೂಡಿ ಮಾತಾಡಿರಿ

ನಿಮ್ಮ ಊರಿನಲ್ಲೂ ಹಳೆಯ ಗುಡಿ, ಬಾವಿ, ವೀರಗಲ್ಲು, ಕೋಟೆ ಇರಬಹುದು. ಅದು ಈಗ ಹೇಗಿದೆ? ಅದನ್ನು ಉಳಿಸಲು ನೀವು ಏನು ಮಾಡಬಹುದು? ಐದು ಸಾಲು ಬರೆಯಿರಿ. ಕೆಳಗೆ ನಿಮ್ಮ ಹೆಸರು ಬರೆಯಿರಿ.